ತೋಳು ನೋಡುವ ಸೋದರಮಾವ

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ನಮ್ಮ ಯಜಮಾನರ ಸೋದರಮಾವ ನನ್ನ ಮುಖವನ್ನು ನೋಡಲೇ ಇಲ್ಲ! ದೇವರಾಣೆ ಹೇಳುತ್ತಿದ್ದೇನೆ. ಅಮ್ಮನ ಸೀರೆ ಉಟ್ಟು, ಅಬ್ಬಲಿಗೆ ಮುಡಿದು, ತಲೆ ತಗ್ಗಿಸಿ ನಾನು ಕಾಫಿ ತಂದರೆ ಈ ಮಹಾನುಭಾವರು ಕೇಳಿದ್ದು ಏನು?

"ಹೆಣ್ಣೇ, ಹಾಡ್ ಬತ್ತಾ, ಅಡ್ಗಿ ಬತ್ತಾ ಅಂತೆಲ್ಲ ನಾನ್ ಕೇಂತಿಲ್ಲೆ. ಎಡದ ರಟ್ಟಿ ತೋರ್ಸ್, ಕಾಂಬ."

ನನ್ನ ಅಪ್ಪಯ್ಯನ ಮುಖ ಕೆಂಪಾಯಿತು. ನಾನು ರವಿಕೆಯ ತೋಳನ್ನು ಸ್ವಲ್ಪ ಮೇಲೆ ಸರಿಸಿದೆ. ಅಲ್ಲಿ ಚಿಕ್ಕಂದಿನಲ್ಲಿ ಸಿಡುಬು ಬಾರದಂತೆ ಚುಚ್ಚಿ ಹಾಕಿದ ದಾಕಿನ ಎರಡು ಗುರುತುಗಳಿದ್ದವು. ಮಾವ ಕನ್ನಡಕ ಏರಿಸಿ ನೋಡಿದರು. ಕಾಫಿಯನ್ನು ಒಂದೇ ಗುಟುಕಿಗೆ ಇಳಿಸಿದರು. "ಆಯ್ತ್. ಹೆಣ್ಣ್ ನಮ್ದ್!" ಎಂದು ಎದ್ದೇಬಿಟ್ಟರು. ನನ್ನ ಮುಖದ ಅಂದಚೆಂದ ಅಷ್ಟಕ್ಕಷ್ಟೇ. ಹಾಗಾಗಿ ಅವರು ತೋಳು ನೋಡಿದ್ದನ್ನು ದೇವರ ದಯೆ ಎಂದೇ ನಾನು ಇಟ್ಟುಕೊಂಡಿದ್ದೇನೆ.

ಸಂಬಂಧ ಕೂಡಿಸುವುದೇ ಅವರ ಕಸುಬು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾರ ಮನೆಯಲ್ಲಿ ಹೆಣ್ಣಿದೆ, ಯಾರ ಮಗ ಬೊಂಬಾಯಿಯ ಹೋಟೆಲಿನಲ್ಲಿದ್ದಾನೆ, ಯಾವ ಗಂಡಿನ ತಾಯಿಗೆ ಬಾಯಿ ಜಾಸ್ತಿ, ಎಲ್ಲ ಬಾಯಿಪಾಠ. ಕಂಕುಳಲ್ಲಿ ಕೊಡೆ, ಬಾಯಿ ತುಂಬ ಎಲೆಯಡಿಕೆ. ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದೆಂದರೆ ತೂತು ಕೊಡದಲ್ಲಿ ನೀರು ನಿಂತಂತೆ! ಬೀಜಾಡಿಯಲ್ಲಿ ಬೆಳಿಗ್ಗೆ ಕೇಳಿದ್ದನ್ನು ಮಧ್ಯಾಹ್ನದ ಊಟಕ್ಕೆ ಸಾಸ್ತಾನದಲ್ಲಿ ಬಡಿಸಿ ಆಗಿರುತ್ತಿತ್ತು.

ನಗುತ್ತಾ ಬರೆಯುತ್ತಿದ್ದೇನೆ. ಆದರೆ ನನ್ನ ಮೊದಲ ಮಗಳು ತೊಟ್ಟಿಲಲ್ಲಿದ್ದ ಆ ವರ್ಷ ನನಗೆ ನಗು ಬರುತ್ತಿರಲಿಲ್ಲ. ಊರಾಚೆ ಒಂದು ಮನೆಯಲ್ಲಿ "ಅಮ್ಮ ಬಂದಿದ್ದಾಳೆ" ಎಂಬ ಸುದ್ದಿ. ಸಿಡುಬನ್ನು ನಾವು ಹಾಗೆಯೇ ಹೇಳುವುದು. ಅಮ್ಮನಿಗೆ ನಾನೂ ಕೈಮುಗಿಯುವವಳೇ. ಆದರೆ "ತಾಯೀ, ಅಲ್ಲಿಂದಲೇ ಹರಸು, ನಮ್ಮ ಮನೆವರೆಗೆ ನಡೆದು ಆಯಾಸ ಮಾಡಿಕೊಳ್ಳಬೇಡ" ಎಂದು! ಮಗುವಿಗೆ ದಾಕು ಹಾಕಿಸಿರಲಿಲ್ಲ. ಹಾಕಿಸಲು ಅತ್ತೆಯವರು ಬಿಡುತ್ತಿರಲಿಲ್ಲ. ಮದುವೆಗೆ ಮುಂಚೆ ಅವರಿಗೇ ಅಮ್ಮ ಬಂದು ಹೋಗಿದ್ದಳು. ಮುಖದ ತುಂಬ ಆ ಕಲೆಗಳಿದ್ದವು. ಸಾವಿನ ಬಾಗಿಲಿನಿಂದ ತಿರುಗಿ ಬಂದವರಿಗೆ ಸೊಸೆ ಬುದ್ಧಿ ಹೇಳುವುದುಂಟೇ? ಯಜಮಾನರನ್ನು ಕೇಳಿದರೆ, "ಅಬ್ಬಿ ಹತ್ರ ನೀನೇ ಹೇಳ್" ಎಂದು ತಾಯಿಯನ್ನು ನನ್ನ ಪಾಲಿಗೆ ಬಿಟ್ಟು ಗದ್ದೆಗೆ ನಡೆದುಬಿಡುತ್ತಿದ್ದರು. ಅತ್ತೆಯವರ ಮನಸ್ಸು ತಿರುಗಿಸು ಎಂದು ಕುಂಭಾಶಿಯ ಗಣಪತಿಗೆ ಹರಕೆ ಹೊತ್ತು ಕುಳಿತೆ.

ನಮ್ಮ ಮನೆಯದೇ ಹೀಗೆ ಅಂದುಕೊಳ್ಳಬೇಡಿ. ದಾಕು ಹಾಕುವವರು ಸೈಕಲಿನಲ್ಲಿ ಬಂದರೆಂದರೆ ಇಡೀ ಕೇರಿ ಖಾಲಿ! ತಾಯಂದಿರೆಲ್ಲ ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಗಾಳಿಮರಗಳ ನಡುವೆ ಮಾಯ. ಉಳಿಯುವುದು ನಾಯಿಗಳು ಮಾತ್ರ. ಒಮ್ಮೆ ಜೀಪಿನಲ್ಲಿ ಮೈಕು ಕಟ್ಟಿಕೊಂಡು ಬಂದು "ಸಿಡುಬು ಮಾರಕ ರೋಗ" ಎಂದು ಕೂಗಿದರು. ಅದರಿಂದ ಆದ ಉಪಕಾರವೆಂದರೆ ಜನರಿಗೆ ಮುಂಚಿತವಾಗಿ ಓಡಿಹೋಗಲು ಅನುಕೂಲವಾಯಿತು!

ಆಗ ಸೋದರಮಾವ ಮೈಕಿಲ್ಲದೆ ಕೆಲಸಕ್ಕಿಳಿದರು. ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಪಾಯಸ ಬರುವ ಹೊತ್ತಿಗೆ ಎದ್ದು ನಿಂತು, "ಹ್ವಾಯ್, ಎಲ್ಲರೂ ಕೇಣಿ! ಇನ್ನ್ ಮೇಲೆ ದಾಕಿನ ಗುರ್ತ್ ಇಲ್ದಿದ್ ಹೆಣ್ಣಿಗೂ ಗಂಡಿಗೂ ನಾನ್ ಸಂಬಂಧ ಕಾಂತಿಲ್ಲೆ. ತೊಟ್ಲಗ್ ಇಪ್ಪ ಮಕ್ಳಿಗೂ ಇದೇ ಕಟ್ಳಿ!" ಎಂದುಬಿಟ್ಟರು. ಜನ ನಕ್ಕರು. ಪಾಯಸ ಸುರಿದುಕೊಂಡರು.

ಆ ನಗು ನಿಂತದ್ದು ಬೊಂಬಾಯಿ ಗಂಡಿನ ಪ್ರಕರಣದಲ್ಲಿ. ಹುಡುಗ ಟೆರಿಲಿನ್ ಅಂಗಿ ತೊಟ್ಟು ಘಮಘಮಿಸುತ್ತಾ ಕುಳಿತಿದ್ದ. ಜಾತಕ ಕೂಡಿತ್ತು. ಮಾವ ಹೋಗಿ ಅಂಗಿಯ ತೋಳು ಮಡಚಿ ನೋಡಿದರೆ ಗುರುತಿಲ್ಲ! ಅವರು ಕೊಡೆ ಎತ್ತಿಕೊಂಡರು. ಹುಡುಗನ ತಂದೆ ಹಿಂದೆಯೇ ಓಡಿಬಂದರು.

"ಎಂತ ಮಾರಾಯ್ರೆ, ಜಾತ್ಕ ಅಷ್ಟ್ ಲಾಯ್ಕ್ ಕೂಡಿತ್ತಲ್ದಾ?"

"ಜಾತ್ಕ ಬರೆಯೂದ್ ಮೇಲಿನವನ ಕೆಲ್ಸ. ಅವ ಬರ್ದ. ದಾಕ್ ಹಾಕ್ಸೂದ್ ನಿಮ್ ಕೆಲ್ಸ. ನೀವ್ ಎಂತ ಮಾಡ್ರಿ?"

ಹುಡುಗ ಮರುದಿನವೇ ದಾಕು ಹಾಕಿಸಿಕೊಂಡ. ಮಾವ ಒಪ್ಪಿದರು, ಹುಡುಗನ ರಜೆ ಮುಗಿಯುವ ಮುಂಚೆ ಎಂದು ಹತ್ತಿರದಲ್ಲೇ ಲಗ್ನ ಇಟ್ಟರು. ತೋಳು ಕುಂಬಳಕಾಯಿಯಂತೆ ಬಾತು ಜ್ವರವೂ ಬಂತು. ಧಾರೆಯ ದಿನ ಮದುಮಗ ಒಂದು ಕೈಯಲ್ಲಿ ಮಾಲೆ ಹಾಕಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ! ಚಿಕ್ಕಂದಿನಲ್ಲೇ ಮುಗಿಸಿದರೆ ಈ ಫಜೀತಿ ಇಲ್ಲ ಎಂದು ಹೆಂಗಸರ ಸಾಲಿನಲ್ಲಿ ಪಿಸುಮಾತು ಹಬ್ಬಿತು.

ಆಮೇಲೆ ಕೇಳಬೇಕೆ? ನಮ್ಮ ಮನೆಗೆ ಮೀನು ತರುವವಳು ಬುಟ್ಟಿ ಇಳಿಸುವ ಮೊದಲೇ, "ಅಮಾ, ನಿಮ್ ಮಾವ ನಮ್ ಕೇರಿಯವ್ರಿಗೂ ಇದ್ನೇ ಹೇಳ್ತ್ರಾ? ನನ್ ಮೊಮ್ಮಗ್ಳಿಗೆ ನಾಳೆ ಗಂಡ್ ಸಿಕ್ದೇ ಹೋರೆ ಎಂತ ಮಾಡೂದ್?" ಎಂದಳು. ಮೊಮ್ಮಗಳಿಗೆ ಆಗಿನ್ನೂ ಹಲ್ಲು ಬಂದಿರಲಿಲ್ಲ! ಅವಳ ಬುಟ್ಟಿಯ ಜೊತೆ ಆ ಮಾತೂ ಮನೆಮನೆಗೆ ಹೋಯಿತು. ಮುಂದಿನ ಸಲ ದಾಕಿನವರು ಬಂದಾಗ ಶಾಲೆಯ ಜಗಲಿಯಲ್ಲಿ ಕಾಲಿಡಲು ಜಾಗವಿಲ್ಲ. ಅವರು ಬೆರಗಾಗಿ ಮಾವನನ್ನು ಕೇಳಿದರಂತೆ, "ಮೈಕಿಗೆ ಬಗ್ಗದ ಜನ ನಿಮಗೆ ಹೇಗೆ ಬಗ್ಗಿದರು?"

"ನೀವ್ ಸಾಯ್ತ್ರಿ ಅಂತ ಹೆದ್ರಿಸ್ತ್ರಿ. ತಾವ್ ಸಾಯ್ತ್ ಅಂತ ಯಾರೂ ನಂಬ್ತಿಲ್ಲ. ನಾನ್ ಮಕ್ಳಿಗೆ ಮದ್ವಿ ಆತಿಲ್ಲ ಅಂತ ಹೆದ್ರಿಸ್ತೆ. ಅದ್ನ ಎಲ್ಲರೂ ನಂಬ್ತ್ರ್!"

ಊರೆಲ್ಲ ಗೆದ್ದವರು ಸೋತದ್ದು ಒಂದೇ ಬಾಗಿಲಲ್ಲಿ. ಅಕ್ಕನ, ಅಂದರೆ ನಮ್ಮ ಅತ್ತೆಯವರ ಎದುರು ಅವರು ಒಲೆಯ ಬದಿಯ ಬೆಕ್ಕು! "ಮಾವ, ನನ್ನ ಮಗಳು?" ಎಂದು ನಾನು ಕಣ್ಣಲ್ಲಿ ಕೇಳಿದರೆ ಕೊಡೆ ಹುಡುಕುತ್ತಿದ್ದರು. ಕೊನೆಗೆ ಒಂದು ಬೆಳಿಗ್ಗೆ ದಾಕಿನವರನ್ನೇ ಕರೆದುಕೊಂಡು ಬಂದು ಅಂಗಳದಾಚೆ ನಿಲ್ಲಿಸಿ ತಾವೊಬ್ಬರೇ ಒಳಗೆ ಬಂದರು. ಅತ್ತೆಯವರು ಗೆರಸೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ತೊಟ್ಟಿಲಿನ ಹಗ್ಗ ಹಿಡಿದು ನಿಂತಿದ್ದೆ.

"ಅಕ್ಕ, ಈ ಹೆಣ್ಣಿಗೊಂದ್ ಲಾಯ್ಕಿನ ಸಂಬಂಧ ತಂದಿದ್ದೆ."

"ತೊಟ್ಲಗ್ ಇಪ್ಪ ಹೆಣ್ಣಿಗಾ? ನಿನ್ ತಲಿ ಸಮ ಇತ್ತಾ?"

"ಗಂಡಿನ ಕಡಿಯವ್ರ್ ದಾಕಿನ ಗುರ್ತ್ ಕೇಂತ್ರ್."

ಅತ್ತೆಯವರ ಕೈ ನಿಂತಿತು. "ಆ ಆಟ ಊರಿನವ್ರ್ ಹತ್ರ ಇಟ್ಕೊ. ನನ್ ಮೊಮ್ಮಗ್ಳ ಮೈಗೆ ಕಬ್ಬಿಣ ತಾಗ್ಸುಕೆ ನಾನ್ ಬಿಡ್ತಿಲ್ಲೆ. ನನ್ ಮೈಮೇಲೆ ಅಮ್ಮ ಬಂದ್ಲ್. ನಾನ್ ಬದ್ಕಿದ್ದೆ ಅಲ್ದಾ?"

ಮಾವ ಇಲ್ಲಿ ಏನಾದರೂ ಚಟಾಕಿ ಹಾರಿಸುತ್ತಾರೆ ಎಂದುಕೊಂಡೆ. ಅವರು ಕೊಡೆಯನ್ನು ಗೋಡೆಗೊರಗಿಸಿ ಅಕ್ಕನ ಹತ್ತಿರ ನೆಲದ ಮೇಲೆ ಕುಳಿತರು.

"ಬದ್ಕಿದ್ದಿ ಅಕ್ಕ. ನಿನ್ನ ಬದ್ಕ್ಸದ್ದ್ ಅಮ್ಮ. ನಾನೂ ಅವ್ಳಿಗೆ ಕೈಮುಗೀತೆ. ಆದ್ರೆ ಅಪ್ಪಯ್ಯ ಇಲ್ದಿದ್ ಮನಿ, ನಿಂಗೆ ಗಂಡ್ ಹುಡ್ಕಂಡ್ ಹೋದದ್ದ್ ನಾನ್. ಒಂದೊಂದ್ ಜಗ್ಲಿ ಮೇಲೂ ಅವ್ರ್ ನಿನ್ ಮುಖದ್ ಬಗ್ಗೆ ಎಂತೆಂತ ಹೇಳ್ರ್ ಅಂತ ನಾನ್ ಇವತ್ತಿನವರಿಗೂ ನಿನ್ ಹತ್ರ ಹೇಳ್ಲಿಲ್ಲೆ. ಈಗ್ಳೂ ಹೇಳ್ತಿಲ್ಲೆ."

ಅತ್ತೆಯವರು ಗೆರಸೆಯನ್ನು ಪಕ್ಕಕ್ಕಿಟ್ಟರು. "ನಂಗೆ ಯಾರೂ ಬೇಡ ಅಂದದ್ದೇ ಇಲ್ಲ ಅಂತ ತಿಳ್ಕಂಡಿದ್ದೆ, ಮಾರಾಯ" ಎಂದರು.

ಅತ್ತೆಯವರು ಎದ್ದು ಬಂದು ನನ್ನ ಕೈಯಿಂದ ಹಗ್ಗ ಬಿಡಿಸಿದರು. ಮಗುವನ್ನು ತಾವೇ ಎತ್ತಿಕೊಂಡು, ಒಂದು ಗಳಿಗೆ ಆ ನುಣುಪು ಕೆನ್ನೆಗೆ ತಮ್ಮ ಕೆನ್ನೆ ಒತ್ತಿ ನಿಂತರು. ಆಮೇಲೆ ಜಗಲಿಗೆ ಹೋಗಿ ಅಂಗಳದಾಚೆಗೆ ಕೂಗಿದರು:

"ಹ್ವಾಯ್, ಡಾಕ್ಟ್ರೇ! ಬಿಸ್ಲಗ್ ಎಂತಕೆ ನಿಂತ್ಕಂಡಿದ್ರಿ? ಒಳ್ಗ್ ಬನ್ನಿ. ಹೆಣ್ಣಿನ ರಟ್ಟಿ ನಾನ್ ಹಿಡ್ಕಂತೆ."