ಭಾವನ ಅಳತೆ ಜಾಡಿ

ನಮ್ಮ ಭಾವ ಮದುವೆಯ ದಿನ ತಾಳಿಯನ್ನು ನೀರಿನಲ್ಲಿ ಮುಳುಗಿಸಿ ಚಿನ್ನದ ಸಾಂದ್ರತೆ ಪರೀಕ್ಷಿಸಿದರು ಎಂದು ನೆಂಟರು ಹೇಳುವುದು ಶುದ್ಧ ಸುಳ್ಳು. ಅವತ್ತು ಮುಳುಗಿಸಿದ್ದು ನಾವು ಕೊಟ್ಟ ಉಂಗುರವನ್ನು. ತಾಳಿ ಅವರೇ ಮಾಡಿಸಿದ್ದು; ಅದನ್ನು ಹಿಂದಿನ ದಿನವೇ ಮುಳುಗಿಸಿ ನೋಡಿದ್ದರು!

ಅವರು ನನ್ನ ಅಕ್ಕನ ಗಂಡ, ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳುತ್ತಿದ್ದ ಮೇಷ್ಟ್ರು. ಪುಸ್ತಕದಲ್ಲಿ ಎಷ್ಟೋ ಪಾಠಗಳಿದ್ದರೂ ಅವರ ಪ್ರೀತಿಯೆಲ್ಲ ಮೊದಲನೆಯದರ ಮೇಲೆ: ದ್ರವ್ಯ ಎಂದರೇನು, ಅದನ್ನು ಅಳೆಯುವುದು ಹೇಗೆ. ಉಳಿದವರು ವಾರದಲ್ಲಿ ಮುಗಿಸುವ ಈ ಪಾಠ ಅವರ ತರಗತಿಯಲ್ಲಿ ದಸರಾ ರಜೆಯವರೆಗೂ ಎಳೆಯುತ್ತಿತ್ತು. ನಾನೂ ಶಿಸ್ತಿನ ಮನುಷ್ಯನೇ. ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಪಾಳಿಯ ಹೊತ್ತಿಗೆ ಎದ್ದು, ಪಾಳಿಯ ಹೊತ್ತಿಗೆ ಉಂಡು ಮುದುಕನಾದವನು. ಆದರೆ ಶಿಸ್ತಿಗೂ ಒಂದು ಕೊನೆ ಬೇಡವೇ?

ಮಂಡ್ಯದ ಗುತ್ತಲಿನ ಅವರ ಮನೆಯಲ್ಲಿ ಒಮ್ಮೆ ಅಕ್ಕ ಸಾರಿಗೆ ಉಪ್ಪು ಹಾಕುತ್ತಿದ್ದಳು.

"ಎಷ್ಟು ಹಾಕಿದೆ?" ಎಂದರು ಭಾವ.

"ಒಂದು ಚಿಟಿಕೆ."

"ಯಾರ ಚಿಟಿಕೆ?"

"ಇನ್ಯಾರ್ದು? ನಂದೇಯ."

"ನಾಳೆ ನೀನು ತವರಿಗೆ ಹೋದರೆ ನಾನು ಎಷ್ಟು ಹಾಕಲಿ?"

"ಮಣ್ಣಾಕಿ," ಎಂದಳು ಅಕ್ಕ.

ನಿವೃತ್ತಿಯ ದಿನ ಕಾಲೇಜಿನವರು ಶಾಲು ಹೊದಿಸಿದರು. ಭಾವ ಶಾಲನ್ನು ಯಾರಿಗೋ ಕೊಟ್ಟು, ತಮಗೆ ತಾವೇ ಗಾಜಿನ ಅಳತೆ ಜಾಡಿಯೊಂದನ್ನು ಕೊಂಡು ತಂದರು. ಅಲ್ಲಿಂದ ಹಾಲು, ಎಣ್ಣೆ, ಕಾಫಿ ಎಲ್ಲವೂ ಜಾಡಿಯ ಮೂಲಕವೇ ಲೋಟಕ್ಕೆ ಬರಬೇಕು. ಗಾಜಿನ ಅಂಚಿನಲ್ಲಿ ನೀರು ಸ್ವಲ್ಪ ಮೇಲೇರಿ ನಡುವೆ ತಗ್ಗಾಗುತ್ತದಂತೆ. ಕಣ್ಣನ್ನು ಅದರ ಮಟ್ಟಕ್ಕೇ ತಂದು ತಗ್ಗಿನ ತಳವನ್ನು ಓದಬೇಕಂತೆ. ಹಾಗಾಗಿ ಮಂಡಿನೋವಿನ ಆ ಮನುಷ್ಯ ದಿನವೂ ಅಡುಗೆಕಟ್ಟೆಯ ಮುಂದೆ ಮಂಡಿಯೂರುತ್ತಿದ್ದರು. ದೇವರ ಮುಂದೆ ಅವರು ಹಾಗೆ ಕೂತಿದ್ದನ್ನು ನಾನು ಕಂಡಿಲ್ಲ.

ಇಲ್ಲಿಯವರೆಗೆ ನಕ್ಕಿದ್ದೆವು. ಆಮೇಲೆ ಅಕ್ಕನ ಎರಡೂ ಕಿಡ್ನಿ ಕೈಕೊಟ್ಟವು. ಮಂಡ್ಯದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಶುರುವಾಯಿತು. ದಿನಕ್ಕೆ ಇಷ್ಟೇ ನೀರು, ಮೀರಿದರೆ ಶ್ವಾಸಕೋಶಕ್ಕೆ ತುಂಬಿಕೊಳ್ಳುತ್ತದೆ ಎಂದರು ಡಾಕ್ಟರು. ಅಳೆಯುವ ಹುಚ್ಚಿನವನ ಕೈಗೇ ಬಾಯಾರಿದವಳನ್ನು ಒಪ್ಪಿಸಿದ ದೇವರಿಗೆ ಏನೆನ್ನಬೇಕು?

ಭಾವ ಬೆಳಿಗ್ಗೆಯೇ ಆ ದಿನದ ನೀರನ್ನು ಜಾಡಿಗೆ ತುಂಬಿಡುತ್ತಿದ್ದರು. ಕುಡಿದಷ್ಟೂ ಅದರಿಂದಲೇ. ಅಷ್ಟಾದರೆ ಸರಿ. ರಾಗಿಹಿಟ್ಟನ್ನು ಮೊದಲು ತೂಗಿ, ಆಮೇಲೆ ಮುದ್ದೆಯನ್ನು ತೂಗಿ, ಹೆಚ್ಚಾದ ತೂಕವೆಲ್ಲ ನೀರೆಂದು ಜಾಡಿಯಿಂದ ಅಷ್ಟನ್ನು ಚೆಲ್ಲಿಬಿಡುತ್ತಿದ್ದರು.

"ಮುದ್ದೆ ಗಟ್ಟಿ ಪದಾರ್ಥ ಅಲ್ವಾ?" ಅಕ್ಕ ಕೇಳಿದಳು.

"ನೋಡೋಕೆ ಗಟ್ಟಿ. ಒಳಗೆ ನೀರಿದೆ."

"ಮೊಸರು?"

"ಅದರಲ್ಲಂತೂ ಬಹುಪಾಲು ನೀರೇ."

"ನನ್ ಕಣ್ಣಲ್ಲಿ ಸುರೀತದಲ್ಲ, ಅದ್ನೂ ಲೆಕ್ಕದಲ್ಲಿ ಕಳ್ಕೊಳಿ," ಎಂದಳು.

ಕಾಯಿಲೆಯವರನ್ನು ನೋಡಲು ನಮ್ಮ ಕಡೆ ಬರಿಗೈಯಲ್ಲಿ ಹೋಗುವ ಪದ್ಧತಿಯಿಲ್ಲ. ಮದ್ದೂರಿನ ಚಿಕ್ಕಮ್ಮ ಆಟೋದಲ್ಲಿ ಒಂದು ಗೊನೆ ಎಳನೀರು ಹೇರಿಕೊಂಡು ಬಂದರು. ಭಾವ ಗೇಟಿಗೆ ಅಡ್ಡ ನಿಂತರು.

"ಚಿಕ್ಕಮ್ಮ, ನೀವು ಒಳಗೆ ಬನ್ನಿ. ಅದು ಬೇಡ."

"ಯಾಕಪ್ಪ? ನೀರಿನಂಗೆ ತಿಳಿಯಾಗೇ ಅದೆ."

"ತಿಳಿಯಾಗಿದ್ದರೂ ಅದು ಮಿಶ್ರಣ. ಅದರಲ್ಲಿ ಪೊಟ್ಯಾಸಿಯಂ ಕರಗಿದೆ. ಇವಳ ಕಿಡ್ನಿ ಅದನ್ನು ಹೊರಗೆ ಹಾಕಲ್ಲ. ಹೃದಯ ನಿಂತುಬಿಡುತ್ತೆ."

"ನಮ್ ತೋಟದ್ದು ಕಣಪ್ಪ. ಅಂತಾದ್ದೇನೂ ನಾವು ಆಕಿಲ್ಲ!"

ಚಿಕ್ಕಮ್ಮ ಅದೇ ಆಟೋ ಹತ್ತಿದರು. ಮೇಷ್ಟ್ರು ಹೆಂಡತಿಗೆ ಗುಟುಕು ನೀರೂ ಬಿಡದೆ ಕೊಲ್ಲುತ್ತಿದ್ದಾನೆ ಎಂಬ ಸುದ್ದಿ ಮದ್ದೂರಿನಿಂದ ಹೊರಟು ಮಳವಳ್ಳಿಯ ನಮ್ಮ ಮನೆಗೂ ಬಂತು. ಸುಳ್ಳು ಎನ್ನಲು ನನಗೂ ಬಾಯಿ ಬರಲಿಲ್ಲ.

ಕಳೆದ ಬೇಸಿಗೆಯಲ್ಲಿ ನೋಡಲು ಹೋದೆ. ಮಧ್ಯಾಹ್ನದ ಬಿಸಿಲಿಗೆ ಹೆಂಚು ಕಾದಿತ್ತು. ಅಕ್ಕ ಒಣಗಿದ ನಾಲಿಗೆಯಿಂದ ತುಟಿ ಸವರಿಕೊಳ್ಳುತ್ತಾ, "ಒಂದ್ ಲೋಟ ನೀರು ಕೊಡ್ಸು ಕಣ್ಲಾ," ಎಂದಳು. ಭಾವ ಜಾಡಿಯತ್ತ ನೋಡಿದರು. ತಳ ಕಂಡಿತ್ತು.

"ಇವತ್ತಿಂದು ಮುಗಿದಿದೆ," ಎಂದರು.

ನನಗೆ ತಡೆಯಲಾಗಲಿಲ್ಲ. "ಭಾವ, ಇವಳು ನಿಮ್ಮ ಹೆಂಡತಿ. ನಿಮ್ಮ ಪ್ರಯೋಗಶಾಲೆಯ ಸಾಮಾನಲ್ಲ," ಎಂದೆ.

ಅವರು ಜಾಡಿಯನ್ನು ಒರೆಸಿಟ್ಟು ಜಗುಲಿಗೆ ಹೋಗಿ ಕೂತರು.

ಅಕ್ಕ ನನ್ನ ಕೈ ಹಿಡಿದು ಹತ್ತಿರಕ್ಕೆಳೆದಳು. ದನಿ ತಗ್ಗಿಸಿ, "ಬಯ್ಬೇಡ ಕಣ್ಲಾ," ಎಂದಳು. "ನಾನು ಎಷ್ಟು ಕುಡೀತೀನೋ ಅವ್ರೂ ಅಷ್ಟೇ ಕುಡಿಯೋದು. ನನಗೆ ಕಾಯಿಲೆ ಬಂದಾಗಿಂದ ಇಂಗೇಯ. ತುಟಿ ನೋಡು, ಎಂಗ್ ಒಡೆದೋಗವೆ. ನನಗೆ ಗೊತ್ತಿಲ್ಲ ಅಂದ್ಕೊಂಡವ್ರೆ. ಏನಾರ ನೆಪ ಏಳಿ ಆಚೆ ಕರ್ಕೊಂಡೋಗು. ಒಟ್ಟೆ ತುಂಬ ನೀರು ಕುಡಿಸ್ಕೊಂಡ್ ಬಾ. ನಾನೇಳ್ದೆ ಅನ್ಬೇಡ."

ಮಾತ್ರೆ ತರಬೇಕೆಂದು ನೆಪ ಹೇಳಿ ಭಾವನನ್ನು ಎಬ್ಬಿಸಿದೆ. ಬೀದಿ ಕೊನೆಯ ಹೋಟೆಲಿನಲ್ಲಿ ಕೂರಿಸಿ ಅವರ ಮುಂದೆ ನೀರಿಟ್ಟೆ. ಬಹಳ ಹೊತ್ತು ಅದನ್ನೇ ನೋಡಿದರು. "ಅವಳು ಅಲ್ಲಿ ಹಾಗಿರುವಾಗ..." ಎಂದು ನಿಲ್ಲಿಸಿದರು. ನಾನು ಲೋಟವನ್ನು ಇನ್ನಷ್ಟು ಹತ್ತಿರ ಸರಿಸಿದೆ. ಒಂದೇ ಉಸಿರಿಗೆ ಕುಡಿದರು. ಮತ್ತೆ ತುಂಬಿಸಿದೆ, ಮತ್ತೆ ಕುಡಿದರು. ಕಳ್ಳತನ ಮಾಡಿದವರಂತೆ ಎದ್ದರು.

ಮನೆಯ ಗೇಟಿನ ಬಳಿ ನಿಂತು ಕರವಸ್ತ್ರ ತೆಗೆದು ತುಟಿ ಒರೆಸಿಕೊಂಡರು, ಮೀಸೆ ಒರೆಸಿಕೊಂಡರು. "ಒದ್ದೆ ಏನಾದರೂ ಕಾಣುತ್ತೇನಯ್ಯ?" ಎಂದರು.

"ಇಲ್ಲ ಭಾವ," ಎಂದೆ.

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಗಂಡನ ಮುಖವನ್ನು ಒಮ್ಮೆ ನೋಡಿ, "ಬಿಸ್ಲಲ್ಲಿ ಓಗಿದ್ರಲ್ಲ, ಗಂಟ್ಲು ಒಣಗಿರ್ಬೇಕು," ಎಂದಳು.

"ಅಂಥ ಬಿಸಿಲೇನಿರಲಿಲ್ಲ ಬಿಡು," ಎಂದರು ಭಾವ.