ಚಿಕ್ಕಪ್ಪನ ಚ್ಯೂಸ್

ನಮ್ಮ ಚಿಕ್ಕಪ್ಪನ ಮನೆಗೆ ಹೋಗುವುದು ಸುಲಭ, ಹೊರಡುವುದು ಕಷ್ಟ. ಬಾಗಿಲಲ್ಲಿ ನಿಲ್ಲಿಸಿಕೊಂಡು ಒಂದೇ ಒಂದು ಪದದ ಜಾತಕ ಓದುತ್ತಾರೆ! ಕಳೆದ ಭಾನುವಾರ ಆ ಪದ ನನ್ನ ಪ್ರಾಣ ಉಳಿಸಿತು ಎಂದರೆ ನೀವು ನಗುತ್ತೀರಿ. ನಾನೂ ನಗಬೇಕೆಂದಿದ್ದೇನೆ, ಇನ್ನೂ ಆಗುತ್ತಿಲ್ಲ.

ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಈ ಹೊಸ ತಿಪ್ಪಸಂದ್ರದ ಮಹಾಶಯರು ಇಂದಿರಾನಗರದಲ್ಲಿ ಜರ್ಮನ್ ತರಗತಿಗೆ ಸೇರಿದರು. ಯಾಕೆ? ಮೂವತ್ತು ವರ್ಷ ಜೊತೆಗಿದ್ದ ಯಂತ್ರ ಜರ್ಮನಿಯದಂತೆ, ಅದರ ಭಾಷೆ ಒಂದಿಷ್ಟಾದರೂ ತಿಳಿಯಬೇಕಂತೆ! ಕಲಿತದ್ದರಲ್ಲಿ ನಾಲಿಗೆಗೆ ಅಂಟಿದ್ದು ‘ಚ್ಯೂಸ್’ ಒಂದೇ. ಜರ್ಮನರು ಆಪ್ತರಿಂದ ಬೀಳ್ಕೊಳ್ಳುವಾಗ ಸಲುಗೆಯಿಂದ ಆಡುವ ಮಾತು. ನಮ್ಮವರು ಹಾಲಿನವನಿಗೂ ಚ್ಯೂಸ್, ರಾಂಗ್ ನಂಬರಿಗೂ ಚ್ಯೂಸ್.

“ಮೂಲ ಗೊತ್ತೇನೇ? ‘ದೇವರ ಬಳಿಗೆ’ ಅಂತ. ಲ್ಯಾಟಿನ್ನಿಂದ ಹೊರಟು ಫ್ರಾನ್ಸು, ಸ್ಪೇನು ಸುತ್ಕೊಂಡು, ಉತ್ತರದ ಬಂದರುಗಳಲ್ಲಿ ‘ಅದ್ಯೂಸ್’ ಆಗಿ, ಬಾಯಿಂದ ಬಾಯಿಗೆ ಸವೆದು ಚ್ಯೂಸ್ ಆಯ್ತು,” ಎಂದು ಚಿಕ್ಕಪ್ಪ ಒಮ್ಮೆ ಹೊರಟಿದ್ದ ನನ್ನನ್ನು ಬಾಗಿಲಲ್ಲಿ ತಡೆದರು.

ಚಿಕ್ಕಮ್ಮ ಸಿಡಿದರು. “ಹೊರಟೋರನ್ನ ದೇವರ ಹತ್ರ ಕಳಿಸ್ತಾರೇನ್ರೀ? ಹೋಗ್ಬಿಟ್ಟು ಬಾ ಅನ್ನಿ!”

“ದೇವರೇ, ಇವಳನ್ನ ನೋಡ್ಕೋ ಅಂತ ಕಣೇ!”

“ಮೊದಲು ನೀವು ಹಾಲು ನೋಡ್ಕೊಳ್ಳಿ, ಉಕ್ತಿದೆ.”

ಆ ಭಾನುವಾರ ನಾನೂ ಚಿಕ್ಕಪ್ಪನೂ ಪುಲಿಕೇಶಿನಗರಕ್ಕೆ ಹೋಗಿದ್ದೆವು. ಆಟೋ ಹಳೇ ಮರವೊಂದರ ಕೆಳಗೆ ನಿಂತಿತು. ಹಳದಿ ಹೂಗಳು ಸದ್ದಿಲ್ಲದೆ ಉದುರುತ್ತಿದ್ದವು. ಇಡೀ ರಸ್ತೆಯೇ ಮಧ್ಯಾಹ್ನದ ಜೋಂಪಿನಲ್ಲಿತ್ತು. ಚಿಕ್ಕಪ್ಪ ಇಳಿದು ಡ್ರೈವರಿಗೆ ಚ್ಯೂಸ್ ಎಂದರು.

“ಅದೇನ್ ಅಂಕಲ್?” ಎಂದ ಪುಣ್ಯಾತ್ಮ.

ಕೇಳಬಾರದಿತ್ತು! ಅವನ ಕೈ ಹಿಡಿದು ಎದುರಿನ ಟೀ ಅಂಗಡಿಗೆ ಎಳೆದೊಯ್ದರು. ನಾನು ಮುನಿಸಿಕೊಂಡು ಆಟೋದಲ್ಲೇ ಕೂತೆ.

“ಇಳಿದು ಬಾರೇ!”

“ನೂರು ಸಲ ಕೇಳಿದ್ದೀನಿ ಚಿಕ್ಕಪ್ಪಾ!”

“ಹಾಗಾದ್ರೆ ಬಂದರಿನ ಭಾಗ ನೀನೇ ಹೇಳು, ನನ್ನ ಟೀ ಆರ್ತಿದೆ.”

ಗೊಣಗುತ್ತಾ ರಸ್ತೆ ದಾಟಿದೆ. ಬೆನ್ನ ಹಿಂದೆ ಚಟಚಟ ಸದ್ದಾಯಿತು. ತಿರುಗಿದರೆ ದೊಡ್ಡ ಕೊಂಬೆ ಇಳಿಯುತ್ತಿತ್ತು, ಕನಸಿನಲ್ಲಿ ಇಳಿಯುವ ಹಾಗೆ, ಹೂಗಳ ಹಳದಿ ಮೋಡವನ್ನು ಜೊತೆಗೆ ಕರೆದುಕೊಂಡು. ಧೂಳು, ಎಲೆಚೂರು ನಮ್ಮ ಮೇಲೆಲ್ಲ ಹಾರಿದವು. ನಾನು ಕೂತಿದ್ದ ಸೀಟು ಚಪಾತಿಯಾಗಿತ್ತು! ಈಗಲೂ ಕಣ್ಣು ಮುಚ್ಚಿದರೆ ಆ ಕೊಂಬೆ ಇಳಿಯುತ್ತಲೇ ಇರುತ್ತದೆ. ಕೆಲವೊಮ್ಮೆ ನಾನಿನ್ನೂ ಆಟೋದಲ್ಲೇ ಕೂತಿರುತ್ತೇನೆ.

ಡ್ರೈವರ್ ಟೀ ಗ್ಲಾಸು ಹಿಡಿದೇ ನಿಂತಿದ್ದ. “ಅಂಕಲ್, ನೀವು ಬರೀ ಬೈ ಅಂದಿದ್ರೆ...” ಎಂದ.

ಹಲಸೂರಿನ ನಮ್ಮ ಮನೆಯವರೆಗೂ ಚಿಕ್ಕಪ್ಪ ಜೊತೆಗೇ ಬಂದರು. ಬೀಳ್ಕೊಡುವ ಮಾತಿನ ವಂಶವನ್ನೆಲ್ಲ ಬಲ್ಲವರು ಗೇಟಿನ ಬಳಿ ಹೊರಡಲಾರದೆ ನಿಂತರು. ನನ್ನ ಕೂದಲಿನಲ್ಲಿದ್ದ ಎಲೆಚೂರುಗಳನ್ನು ಒಂದೊಂದಾಗಿ ಆರಿಸಿದರು. ಒಂದೂ ಉಳಿಯದ ಮೇಲೂ ಆರಿಸುತ್ತಲೇ ಇದ್ದರು.