ಹನ್ನೊಂದು ಸೆಕೆಂಡಿನ ತುಂಡಿಗೆ ನ್ಯಾಯವಾದ ಬೆಲೆ ಕೋರಿ

ಹಾಡುಗಳನ್ನು ಆನ್‌ಲೈನಿನಲ್ಲಿ ಮಾರುವ ಅಂಗಡಿಯ, ಬೆಲೆ ಕಟ್ಟುವ ಯಂತ್ರದ ಸನ್ನಿಧಾನಕ್ಕೆ,

ಮಾನ್ಯರೇ,

ಊಟ, ನಿದ್ರೆ, ರಜೆಗಳ ಹಂಗಿಲ್ಲದೆ ಹಗಲಿರುಳು ಬೆಲೆ ಏರಿಸುತ್ತಿರುವ ತಾವು ಕ್ಷೇಮವಾಗಿಯೇ ಇದ್ದೀರೆಂದು ನಂಬಿ, ದರ್ಜಿಯೊಬ್ಬನು ಹೊಲಿಗೆ ಯಂತ್ರದ ಮೇಲೆಯೇ ಕಾಗದವಿಟ್ಟು ಮಾಡಿಕೊಳ್ಳುವ ಬಿನ್ನಹ.

ತಮ್ಮಲ್ಲಿ ನಲವತ್ತು ವರ್ಷದ ಹಿಂದಿನ ಹಾಡೊಂದು ಮಾರಾಟಕ್ಕಿದೆ. ಮುಖ್ಯ ಗಾಯಕಿಯ ಹಿಂದೆ ಆರು ಹುಡುಗಿಯರು ದನಿಗೂಡಿಸಿದ್ದಾರೆ. ಎರಡನೆಯ ಚರಣ ಮುಗಿದ ಮೇಲೆ ಹನ್ನೊಂದು ಸೆಕೆಂಡು ಅವರಲ್ಲೊಬ್ಬಳೇ ಆಲಾಪ ಮಾಡುತ್ತಾಳೆ. ಅವಳು ನನ್ನ ಅಕ್ಕ. ಹೋದ ವರ್ಷ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವಳಿಗೆ ಉಳಿದಿರುವುದು ಪಿಸುಮಾತು ಮಾತ್ರ. ತನ್ನ ದನಿ ಹೇಗಿತ್ತೆಂಬುದು ಮರೆತುಹೋಗುವ ಮೊದಲು ಒಮ್ಮೆ ಕೇಳಬೇಕೆಂದು ಅವಳ ಆಸೆ. ತಾವು ಪುಕ್ಕಟೆ ಕೇಳಿಸುವ ಮೊದಲ ಮೂವತ್ತು ಸೆಕೆಂಡಿನಲ್ಲಿ ಬರೀ ಪಿಟೀಲು.

ಮೊದಲ ದಿನ ತಾವು ಹೇಳಿದ್ದು, ನನ್ನ ಕಸುಬಿನ ಲೆಕ್ಕದಲ್ಲಿ, ಆರು ಅಂಗಿಗುಂಡಿಗಳ ಬೆಲೆ. ದುಬಾರಿಯೇನಲ್ಲ. ಆದರೆ ಹೇಳಿದ ಬೆಲೆಗೇ ಕೊಳ್ಳುವುದು ನಮ್ಮ ವಂಶದಲ್ಲಿ ನಡೆದುಬಂದದ್ದಲ್ಲ. ಗಿರಾಕಿ ಮುಖ ಸಿಂಡರಿಸಿ ಮೆಟ್ಟಿಲಿಳಿಯಬೇಕು, ವ್ಯಾಪಾರಿ "ಬನ್ನಿ ಬನ್ನಿ, ನಿಮಗೇಂತ ಕೊಡ್ತೀನಿ" ಎಂದು ಹಿಂದಿನಿಂದ ಕೂಗಬೇಕು. ನ್ಯಾಯವಾದ ಬೆಲೆ ಹುಟ್ಟುವುದೇ ಹಾಗೆ. ಆದ್ದರಿಂದ ಬೆಲೆ ನೋಡಿ, ಪುಟ ಮುಚ್ಚಿ, ಕಾದೆವು. ತಾವು ಕೂಗಲಿಲ್ಲ. ಮಾರನೆಯ ಬೆಳಿಗ್ಗೆ ಮತ್ತೆ ಹೋಗಿ ಇನ್ನಷ್ಟು ಮುನಿಸಿಕೊಂಡು ಬಂದೆವು. ಭಾವ, ಇಸ್ತ್ರಿ ಅಂಗಡಿಯವರು, ಮೇಲಿನ ಮನೆಯ ನರ್ಸಮ್ಮ, ಎಲ್ಲರೂ ತಂತಮ್ಮ ಫೋನಿನಿಂದ ಬೆಲೆ ಕೇಳಿ, ಬೇಡವೆಂದು ಬಿಗುಮಾನ ತೋರಿಸಿದರು. ತಾವು ಇದನ್ನು ಜನಜಾತ್ರೆಯೆಂದು ತಿಳಿದು, ಹಾಡಿನ ಪಕ್ಕ 'ಭಾರಿ ಬೇಡಿಕೆ' ಎಂಬ ಕೆಂಪು ಚೀಟಿ ಅಂಟಿಸಿ, ಬೆಲೆಯನ್ನು ಮೊದಲು ಒಂದು ಜಿಪ್ಪಿಗೂ ಆಮೇಲೆ ಪ್ಯಾಂಟಿನ ಕಾಲು ಗಿಡ್ಡ ಮಾಡುವ ಕೂಲಿಗೂ ಏರಿಸಿದಿರಿ. ನಲವತ್ತು ವರ್ಷ ಯಾರೂ ಮೂಸಿ ನೋಡದ ಹಾಡನ್ನು ಒಂದೇ ವಾರದಲ್ಲಿ ಪ್ರಸಿದ್ಧಿಗೆ ತಂದದ್ದಕ್ಕೆ ನಮ್ಮ ಬೀದಿಯ ಪರವಾಗಿ ಅಭಿನಂದನೆಗಳು. "ಅಯ್ಯೋ, ಹಾಡೋವಾಗ ನಂಗೆ ಇಷ್ಟು ಬೆಲೆ ಇರ್ಲಿಲ್ವಲ್ಲೋ" ಎಂದು ಅಕ್ಕ ಪಿಸುಗುಟ್ಟಿದಳು. ಅಂದು ಅವಳಿಗೆ ಸಿಕ್ಕಿದ್ದು ಹೋಗಿಬರುವ ಬಸ್ಸಿನ ಖರ್ಚು.

ಗೇಣುದ್ದದ ತುಂಡು ಬಟ್ಟೆ ಕೇಳಿಕೊಂಡು ಬಂದವರ ತಲೆಗೆ ನಾನು ಇಡೀ ಥಾನು ಕಟ್ಟುವುದಿಲ್ಲ. ತಾವೂ ದಯಮಾಡಿ ಆ ಹನ್ನೊಂದು ಸೆಕೆಂಡನ್ನು ಕತ್ತರಿಸಿ ಕೊಡಿ. ಪಿಟೀಲು ಮುಂದಿನ ಗಿರಾಕಿಗಿರಲಿ. ಅದಾಗದಿದ್ದರೆ, ಹಾಡಿದವರಿಗೆ ಅವರ ದನಿಯನ್ನು ಅಂದು ಅವರು ಪಡೆದ ಕೂಲಿಯ ಬೆಲೆಗೇ ಮಾರುವ ಏರ್ಪಾಡು ಮಾಡಿ. ಅದೂ ಆಗದಿದ್ದರೆ, ನಾವು ಪುಟ ಮುಚ್ಚಿ ಹೊರಡುವಾಗ ಒಂದೇ ಒಂದು ಸಲ ಹಿಂದಿನಿಂದ ಕೂಗಿ. ಬೆಲೆ ಇಳಿಸದಿದ್ದರೂ ಚಿಂತೆಯಿಲ್ಲ, ನಮ್ಮ ಮರ್ಯಾದೆಯಾದರೂ ಉಳಿಯುತ್ತದೆ.

ಮುನಿಸಿಕೊಂಡು ಹೋಗಿ, ಯಾರೂ ಕರೆಯದೆ ಮರಳಿ ಬರುವ,
ತಮ್ಮ ವಿಶ್ವಾಸಿ,
ಮೂಲೆ ಅಂಗಡಿಯ ದರ್ಜಿ

ತಾಜಾ ಕಲಂ: ಇಷ್ಟು ಬರೆಯುವಷ್ಟರಲ್ಲಿ ಬೆಲೆ ಮತ್ತೆ ಏರಿದ್ದರಿಂದ ಭಾವ ತಡೆಯಲಾರದೆ ಕೊಂಡೇಬಿಟ್ಟರು. ಅಕ್ಕ ಕಣ್ಣು ಮುಚ್ಚಿ ತನ್ನ ದನಿ ಕೇಳಿದಳು. ಅಳು ಬಂದದ್ದು ನನಗೆ. ಹಾಡು ಮುಗಿದ ಕೂಡಲೇ ತಮ್ಮ ಸಂದೇಶ ಬಂತು: 'ಇಷ್ಟವಾಯಿತೇ? ಇಂಥವೇ ದನಿಗಳು ನಮ್ಮಲ್ಲಿ ಇನ್ನೂ ಇವೆ.' ಇದ್ದರೆ, ಅಕ್ಕನ ಗಂಟಲಿನ ಅಳತೆಗೆ ಸರಿಹೊಂದುವ ಒಂದನ್ನು ಕಳಿಸಿಕೊಡಿ. ಬೆಲೆ ತಾವು ಹೇಳಿದ್ದೇ ಆಗಲಿ.